ಮಾರಯ್ಯನ ಕೆಂಪಂಚಿನ ಟವಲು

ತಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಒಂದು ಕಾಲಕ್ಕೆ ಅರ್ಜುನನ ಗಾಂಡೀವಕ್ಕಿಂತ ಹೆಚ್ಚು ಹೆಸರು ಮಾಡಿದ್ದ ಆಯುಧವೊಂದಿತ್ತು. ಅದು ಮಾರಯ್ಯನ ಕೆಂಪಂಚಿನ ಟವಲು.

ನಂಜನಗೂಡಿಗೆ ಹೋಗುವ ಏಳೂ ಹತ್ತರ ಬಸ್ಸು ಗೇಟಿನೊಳಗೆ ಮೂತಿ ತೂರಿಸಿದ ಕೂಡಲೇ ನಾವೆಲ್ಲ ಬಾಗಿಲಿಗೆ ಮುತ್ತಿಗೆ ಹಾಕುತ್ತಿದ್ದೆವು. ಮಾರಯ್ಯ ಮಾತ್ರ ಕಂಬಕ್ಕೊರಗಿ ಬೀಡಿ ಮುಗಿಸುತ್ತಿದ್ದ. ಆಮೇಲೆ ಟವಲಿಗೆ ಒಂದು ಗಂಟು ಹಾಕಿ, ಒಂದು ಕಣ್ಣು ಮುಚ್ಚಿ, ಮೊಣಕೈ ಹಿಂದಕ್ಕೆಳೆದು ಬಿಡುತ್ತಿದ್ದ. ಬಸ್ಸು ನಿಲ್ಲುವ ಮೊದಲೇ ಅದು ಕಿಟಕಿಯ ಕಂಬಿಗಳ ನಡುವೆ ನುಗ್ಗಿ ಮೂರನೇ ಸೀಟಿನ ಮೇಲೆ ತಣ್ಣಗೆ ಇಳಿಯುತ್ತಿತ್ತು. ಒಮ್ಮೆ ಗೊತ್ತಿಲ್ಲದೆ ಆ ಸೀಟಿನಲ್ಲಿ ಕೂತ ಗುಮಾಸ್ತರೊಬ್ಬರು, ಮಾರಯ್ಯ ಬರೀ ಕೆಮ್ಮಿದ್ದಕ್ಕೆ ಎದ್ದವರು, ನಂಜನಗೂಡಿನ ಗೋಪುರ ಕಾಣುವವರೆಗೂ ನಿಂತೇ ಬಂದರು. ನನ್ನ ಮಾತಿನಲ್ಲಿ ಅರ್ಧ ಕಳೆದರೂ ಇದಿಷ್ಟು ಉಳಿಯುತ್ತದೆ.

ಅವನಿಗೆ ಆ ಸೀಟು ಬೇಕಿತ್ತು. ನಂಜನಗೂಡಿನ ಬಳಿಯ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಎಂಟು ಗಂಟೆ ನಿಂತೇ ಇರಬೇಕು. ದಿನದಲ್ಲಿ ಅವನು ಕೂರುತ್ತಿದ್ದುದೇ ಬಸ್ಸಿನಲ್ಲಿ. ಆದರೆ ನಾವು ಏಳೂ ಹತ್ತರ ಗೆಳೆಯರು ಅದನ್ನು ಸೀಟು ಎಂದುಕೊಳ್ಳದೆ ಸಿಂಹಾಸನ ಮಾಡಿಬಿಟ್ಟೆವು. ಸಿಂಹಾಸನ ಎಂದಮೇಲೆ ಅಣ್ಣತಮ್ಮಂದಿರ ಯುದ್ಧ ಬಾರದೆ ಇರುತ್ತದೆಯೇ?

ಹದಿಮೂರು ವರ್ಷಗಳ ಹಿಂದಿನ ಒಂದು ಸೋಮವಾರ ಟವಲು ಸರಿಯಾಗಿಯೇ ಬಿತ್ತು. ಮಾರಯ್ಯ ಹತ್ತಿ ನೋಡಿದರೆ ಅದರ ಮೇಲೆ ಮೂಗೂರಿನಲ್ಲಿದ್ದ ಅವನ ಸ್ವಂತ ಅಣ್ಣ ಮಾದು ಕೂತಿದ್ದಾನೆ.

"ಏಳಣ್ಣ, ಟವಲು ನಂದು."

"ಮಂಡಿ ಊದ್ಕಂಡದೆ ಕಣ್ಲಾ. ಆಸ್ಪತ್ರೆಗೆ ಓಯ್ತಾ ಇವ್ನಿ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹಿಂದಿನಿಂದ ನಾವು, "ಬುಡಬ್ಯಾಡ ಮಾರಯ್ಯ! ಅಣ್ಣಂಗೊಂದು ರೂಲು, ನಮ್ಗೊಂದು ರೂಲಾ?" ಎಂದು ಶಿಳ್ಳೆ ಹೊಡೆದೆವು. ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಮಾರಯ್ಯ ಅಣ್ಣನ ರಟ್ಟೆಗೆ ಕೈಹಾಕಿ ಎಬ್ಬಿಸಿದ. ಮಾದು ಟವಲನ್ನು ಎತ್ತಿ ಕೊಡವಿ ತಮ್ಮನ ಹೆಗಲ ಮೇಲೆ ಹಾಕಿದ. "ಕೂತ್ಕಳಪ್ಪ. ಚೆನ್ನಾಗಿ ಕೂತ್ಕೋ" ಎಂದವನೇ ಕುಂಟುತ್ತಾ ಇಳಿದುಹೋದ. ಬಸ್ಸು ಹೊರಟಿತು. ಆಮೇಲೆ ಯಾರೂ ಶಿಳ್ಳೆ ಹೊಡೆಯಲಿಲ್ಲ.

ಅಂದಿನಿಂದ ಮಾರಯ್ಯನಿಗೆ ಕೂರುವುದೇ ಮರೆತುಹೋಯಿತು. ಸೀಟು ಹಿಡಿಯುತ್ತಿದ್ದ, ಎರಡು ನಿಮಿಷಕ್ಕೆ ಎದ್ದು ನಿಲ್ಲುತ್ತಿದ್ದ. ಮನೆಯಲ್ಲಿ ಮುದ್ದೆಯನ್ನೂ ನಿಂತೇ ನುಂಗುತ್ತಿದ್ದ. ಮೂರು ಸಲ ಮೂಗೂರಿಗೆ ಹೋದ. ಮೂರು ಸಲವೂ ಅಣ್ಣ ಇವನನ್ನು ಕಂಡವನೇ ಕೊಟ್ಟಿಗೆ ಹೊಕ್ಕು, ಇವನು ತೊಲಗುವವರೆಗೂ ಎಮ್ಮೆಯ ಮೈ ತಿಕ್ಕುತ್ತಿದ್ದ. ಆ ವರ್ಷ ಮೂಗೂರಿನಲ್ಲಿ ಅಷ್ಟು ಮಿಂಚಿದ ಎಮ್ಮೆ ಇನ್ನೊಂದಿರಲಿಲ್ಲ.

"ಸೀಟು ಗೆದ್ರಲ್ಲ, ಅದ್ನೇ ಬಿಚ್ಕಂಡು ಮನೆಗೆ ತರ್ಬೇಕಾಗಿತ್ತು" ಎಂದಳು ಹೆಂಡತಿ ಚಲುವಮ್ಮ.

ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಕೃಷ್ಣಕುಮಾರ್ ಒಂದು ದಿನ, "ಭಾನುವಾರ ನಮ್ಮ ಪ್ರಾರ್ಥನೆಗೆ ಬಾ ಮಾರಯ್ಯ. ಏನೂ ಮಾಡೋದು ಬೇಡ, ಬಂದು ಕೂತ್ಕೋ ಸಾಕು" ಎಂದರು.

"ಅದೇ ಆಗ್ತಿಲ್ವಲ್ಲ ಸಾ."

ಆದರೂ ಹೋದ. ನಂಜನಗೂಡಿನಲ್ಲಿ ತಗಡಿನ ಮಾಡಿನ ಒಂದು ಪ್ರಾರ್ಥನಾ ಮಂದಿರ. ಕ್ರಿಸ್‌ಮಸ್ ಹತ್ತಿರದ ದಿನ. ಬಾಗಿಲ ತುಂಬ ಜನ. ಮಾರಯ್ಯ ಗೋಡೆ ಸುತ್ತಿ ಬಂದು ಕಿಟಕಿಯಲ್ಲಿ ಇಣುಕಿದ. ಒಂದು ಪ್ಲಾಸ್ಟಿಕ್ ಕುರ್ಚಿ ಖಾಲಿ ಇತ್ತು. ಮುಂದಿನದನ್ನು ಅವನು ಮಾಡಲಿಲ್ಲ, ಅವನ ಕೈ ಮಾಡಿತು. ಟವಲು ಹಾರಿತು. ಆ ಕುರ್ಚಿಯ ಪಕ್ಕದಲ್ಲಿ ಮಂಚಮ್ಮ ಎಂಬ ಮುದುಕಿ ಕಣ್ಣು ಮುಚ್ಚಿ, ಎರಡೂ ಕೈ ಚಾಚಿ ಪ್ರಾರ್ಥಿಸುತ್ತಿದ್ದಳು. ಟವಲು ನೇರ ಆ ಕೈಗಳಿಗೇ ಬಂದು ಬಿತ್ತು.

"ಸ್ವಾಮಿ," ಎಂದಳು ಮಂಚಮ್ಮ ಕಣ್ಣು ಬಿಟ್ಟು, "ನಾನು ಕೇಳಿದ್ದು ಸೊಂಟದ ನೋವು ವಾಸಿ ಮಾಡು ಅಂತ!"

ಆಮೇಲೆ ಕಿಟಕಿಯಲ್ಲಿ ಮಾರಯ್ಯನ ಮುಖ ಕಂಡು ಅವಳಿಗೆ ಎಲ್ಲ ತಿಳಿಯಿತು. ಟವಲಿನ ಗಂಟು ಬಿಚ್ಚಿ, ಮಡಿಚಿ, ಕುರ್ಚಿಯ ಮೇಲಿಟ್ಟಳು. "ಬಾಗ್ಲಲ್ಲಿ ಬಾ ಮಗ. ಇಲ್ಲಿ ಯಾರೂ ಕಿತ್ಕಳಕ್ಕಿಲ್ಲ."

ಮಾರಯ್ಯ ಬಂದು ಕುರ್ಚಿಯ ತುದಿಯಲ್ಲಿ ಕೂತ. ಅವತ್ತು ಪಾಸ್ಟರು ಕುರಿಹಟ್ಟಿಯ ವಿಷಯ ಹೇಳುತ್ತಿದ್ದರು. ಬಾಗಿಲಿನಿಂದ ಬರದೆ ಬೇರೆ ಕಡೆಯಿಂದ ನುಗ್ಗುವವನು ಕಳ್ಳ, ಎಂದರು. ಯಾರೋ ಚಾಡಿ ಹೇಳಿದ್ದಾರೆ ಎಂದುಕೊಂಡು ಮಾರಯ್ಯ ಟವಲನ್ನು ಅಂಗಿಯೊಳಗೆ ತುರುಕಿಕೊಂಡ. ಪಾಸ್ಟರು ಮುಂದುವರಿಸಿದರು: ಕಳ್ಳ ಬರುವುದು ಕಿತ್ತುಕೊಳ್ಳಲಿಕ್ಕೆ, ಏಸು ಬಂದದ್ದು ಬದುಕು ಕೊಡಲಿಕ್ಕೆ. ಅದೂ ತೂಕ ನೋಡಿ ಕೊಡುವುದಲ್ಲ, ಸೇರಿನಲ್ಲಿ ರಾಗಿ ತುಂಬಿ, ಮೇಲೆ ಗೋಪುರ ಎದ್ದು, ಸುತ್ತ ಚೆಲ್ಲುವ ಹಾಗೆ.

ಇದನ್ನು ಕೇಳುವಾಗ ತಾನು ಯಾವಾಗ ಹಿಂದಕ್ಕೊರಗಿದೆ ಎಂಬುದು ಮಾರಯ್ಯನಿಗೇ ಗೊತ್ತಾಗಲಿಲ್ಲ. ಎರಡೂವರೆ ಗಂಟೆ ಕೂತಿದ್ದ. ಅಂಗಿಯೊಳಗಿನ ಟವಲು ತೆಗೆದು ಕಣ್ಣೊರೆಸಿಕೊಂಡ. ಸಾಲದೆ ಬಂದಾಗ ಅದನ್ನೇ ಮುಖಕ್ಕೆ ಮುಚ್ಚಿಕೊಂಡ. ಆ ಸಂಜೆ ಚಲುವಮ್ಮ ತಟ್ಟೆ ಇಟ್ಟರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡು, ಇನ್ನೊಂದು ಮುದ್ದೆ ಕೇಳಿದ. ಅವಳು ಒಳಗೆ ಹೋಗಿ ಅತ್ತಳು. ಮುಂದಿನ ಭಾನುವಾರ ತಾನೂ ಹೊರಟಳು.

ಮಾರಯ್ಯ ಬೀಡಿ ಬಿಟ್ಟ. ಟವಲು ಎಸೆಯುವುದನ್ನೂ ಬಿಟ್ಟ. ಎಲ್ಲರೂ ಹತ್ತಿದ ಮೇಲೆ ಬಾಗಿಲಿನಿಂದ ಹತ್ತಿ, ಕಂಬಿ ಹಿಡಿದು ಹಾಡು ಗುನುಗುತ್ತಾ ನಿಲ್ಲುತ್ತಿದ್ದ. ನಮಗೋ ಇಂದ್ರ ಕೈಲಾಗದೆ ವಜ್ರಾಯುಧ ಒತ್ತೆಯಿಟ್ಟಷ್ಟು ಸಂಕಟ. ಆ ಟವಲಿನ ಈಗಿನ ಕೆಲಸ ಒಂದೇ: ಭಾನುವಾರ ಪ್ರಾರ್ಥನೆಯಲ್ಲಿ ಅವನ ಪಕ್ಕದ ಕುರ್ಚಿಯ ಮೇಲೆ ಬಿದ್ದಿರುವುದು. "ಯಾರ್ಗೆ?" ಎಂದರೆ, "ನಮ್ಮಣ್ಣಂಗೆ" ಎನ್ನುತ್ತಿದ್ದ. ಅಣ್ಣನಿಗೆ ಆ ಕುರ್ಚಿಯ ಸುದ್ದಿಯೇ ಗೊತ್ತಿರಲಿಲ್ಲ. ಪ್ರತಿ ಕ್ರಿಸ್‌ಮಸ್ಸಿಗೂ ಮಾರಯ್ಯ ಮೂಗೂರಿಗೆ ಹೋಗಿ ಕೊಟ್ಟಿಗೆಯ ಮುಂದೆ ನಿಂತು, "ತಪ್ಪಾಯ್ತಣ್ಣ" ಎಂದು ಎಮ್ಮೆಯ ಬೆನ್ನಿಗೆ ಹೇಳಿ ಬರುತ್ತಿದ್ದ. ಪಾಂಡವರ ವನವಾಸದಷ್ಟೂ ವರ್ಷ ಹೀಗೆಯೇ ನಡೆಯಿತು.

ಹೋದ ತಿಂಗಳು ಅವನ ರಿಟೈರ್‌ಮೆಂಟು. ಕೊನೆಯ ದಿನ ಹಳೆಯ ಏಳೂ ಹತ್ತರವರಲ್ಲಿ ನಾವು ನಾಲ್ವರು ಉಳಿದಿದ್ದೆವು. ಬಸ್ಸುಗಳೂ ಈಗ ಬೇರೆ. ಕಿಟಕಿಯ ಗಾಜು ಸರಿಸಿದರೆ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. ಜನ ಮಾತ್ರ ಅಷ್ಟೇ, ಇಲ್ಲ, ಇನ್ನೂ ಹೆಚ್ಚು. ಬಸ್ಸು ಒಳಗೆ ಬಂತು. ನೂಕುನುಗ್ಗಲಿನ ಅಂಚಿನಲ್ಲಿ ಕೋಲೂರಿಕೊಂಡು ಒಬ್ಬ ಮುದುಕ ನಿಂತಿದ್ದ. ಮಾದು! ಹತ್ತಲು ನೋಡುತ್ತಿದ್ದ, ಜನ ಹಿಂದಕ್ಕೆ ತಳ್ಳುತ್ತಿದ್ದರು.

ಮಾರಯ್ಯನ ಹೆಗಲಿಂದ ಟವಲು ಜಾರಿತು. ಒಂದು ಗಂಟು. ಒಂದು ಕಣ್ಣು ಮುಚ್ಚಿತು. ಹನ್ನೆರಡು ವರ್ಷ ತುಕ್ಕು ಹಿಡಿದ ತೋಳು ಹಿಂದಕ್ಕೆ ಹೋಯಿತು. ಟವಲು ಜನದ ತಲೆಗಳ ಮೇಲೆ ತೇಲಿ, ತುಸು ಯೋಚಿಸಿ, ಕಿಟಕಿ ಹೊಕ್ಕಿತು. ಮೂರನೇ ಸೀಟು!

ನಾವು ಜನವನ್ನು ಸೀಳಿ ದಾರಿ ಬಿಡಿಸಿದೆವು. ಮಾರಯ್ಯ ಅಣ್ಣನನ್ನು ಅದೇ ರಟ್ಟೆ ಹಿಡಿದು ಹತ್ತಿಸಿ, ಸೀಟಿನ ಹತ್ತಿರ ತಂದು ನಿಲ್ಲಿಸಿದ. ಮಾದು ಟವಲು ನೋಡಿದ. ತಮ್ಮನನ್ನು ನೋಡಿದ.

"ಎಬ್ಸಕ್ಕಿಲ್ವಾ?"

"ಇಲ್ಲಣ್ಣ. ನಿಂಗೇ ಇಟ್ಟಿದ್ದು. ಬಾಳ ದಿವ್ಸದಿಂದ ಇಟ್ಟಿವ್ನಿ."

ಮಾದು ಕೂತ. ಬಸ್ಸು ಊರು ದಾಟಿತು. ಆಮೇಲೆ ಕಿಟಕಿಯ ಕಡೆ ಸರಿದು, ಪಕ್ಕದವನ ತೊಡೆಗೆ ಕೋಲಿನಿಂದ ತಿವಿದ. "ಒಸಿ ಜರುಗಪ್ಪ, ನನ್ ತಮ್ಮ ನಿಂತವ್ನೆ." ಇಬ್ಬರ ಸೀಟಿನಲ್ಲಿ ಮೂವರು ಕೂತರು. ಇಳಿಯುವಾಗ ಮಾದು ಟವಲು ವಾಪಸು ಕೊಡಲಿಲ್ಲ. ತನ್ನ ಹೆಗಲಿಗೇ ಹಾಕಿಕೊಂಡ.

ಮಾದು ಇವತ್ತಿಗೂ ಪ್ರಾರ್ಥನೆಗೆ ಬಂದಿಲ್ಲ. ಭಾನುವಾರದ ಊಟಕ್ಕೆ ತಮ್ಮನ ಮನೆಗೆ ಬರುವುದನ್ನು ಮಾತ್ರ ತಪ್ಪಿಸುವುದಿಲ್ಲ.

ಇಷ್ಟನ್ನೆಲ್ಲ ಬರೆಯುವ ಮೊದಲು ನಾನು ಮಾರಯ್ಯನನ್ನು ಕೇಳಿದೆ. ಹನ್ನೆರಡು ವರ್ಷ ಎಸೆಯದ ಕೈ ಆ ಜನದ ಮಧ್ಯೆ ಗುರಿ ತಪ್ಪಲಿಲ್ಲವಲ್ಲ, ಆಗ ಏನು ಪ್ರಾರ್ಥನೆ ಮಾಡಿಕೊಂಡೆ, ನಿನ್ನ ತೋಳನ್ನು ಆ ಕ್ಷಣ ಯಾರು ಹಿಡಿದು ನಡೆಸಿದರು ಎಂದು. ನಾನು ಪೆನ್ನು ಕೂಡ ತೆಗೆದಿದ್ದೆ.

ಮಾರಯ್ಯ ತುಸು ಯೋಚಿಸಿದ.

"ಅಂಗೇನಿಲ್ಲ ಕಣ್ರೀ. ಕಿಟ್ಕಿ ತೆಗ್ದಿತ್ತು."