ತಂತಿ ಸಿಸ್ಟರ್ ಮತ್ತು ಎದೆನೋವಿನ ಬೆಂಚು

ಪಾರೆ ಬೆಟ್ಟಗಳ ನೆರಳು ಇನ್ನೂ ಹೆದ್ದಾರಿಯ ಮೇಲೇ ಬಿದ್ದಿರುವ ಹೊತ್ತು. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಉದ್ದನೆಯ ಸಿಮೆಂಟ್ ಬೆಂಚು. ಜ್ವರದ ಮಕ್ಕಳು, ಕೆಮ್ಮುವ ಮುದುಕರು, ಕಾಲಿಗೆ ಬಟ್ಟೆ ಸುತ್ತಿಕೊಂಡವರು ಆಗಲೇ ಬಂದು ಕೂತಿದ್ದಾರೆ. ನರ್ಸ್ ನಕಿಯೆಟೆ ಸೆಂಕೊರೊ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆಯುತ್ತಾರೆ. ಮುಖ ನೋಡುತ್ತಾರೆ, ಹಣೆಯ ಬೆವರು ನೋಡುತ್ತಾರೆ, ಕೈ ಎಲ್ಲಿದೆ ಎಂದು ನೋಡುತ್ತಾರೆ. ಕತ್ತಾಳೆ ತೋಟದ ಆಳೊಬ್ಬ ಎದೆ ಹಿಡಿದು ಕೂತಿದ್ದಾನೆ.

"ಎಲ್ಲಪ್ಪಾ ನೋವು?"

"ಇಲ್ಲಿ." ಆತ ಒಂದೇ ಬೆರಳಿಟ್ಟು ತೋರಿಸುತ್ತಾನೆ.

ಅದೇ ಜಾಗವನ್ನು ಅವರು ಒತ್ತುತ್ತಾರೆ. "ಒತ್ತಿದ್ರೆ ಜಾಸ್ತಿ ಆಗುತ್ತಾ?"

"ಜೀವ ಹೋಗುತ್ತೆ ಸಿಸ್ಟರ್."

"ಹೋಗಲ್ಲ. ನಿನ್ನೆ ಲಾರಿ ತುಂಬ್ಸಿದ್ಯಾ? ನೋವು ತೋಳಿಗೆ, ದವಡೆಗೆ ಹೋಗುತ್ತಾ? ವಾಂತಿ, ಬೆವರು?"

"ಅದೆಲ್ಲ ಇಲ್ಲ."

"ಮೈಕೈ ನೋವೇ ಇರ್ಬೇಕು. ಆದ್ರೂ ಒಳಗೆ ಬಾ, ಒಂದ್ಸಲ ಇಸಿಜಿ ತಂತಿ ಹಚ್ಚಿ ನೋಡೋಣ."

ತಂತಿ ಎಂದ ಕೂಡಲೇ ಆತ ಎದ್ದು ನಿಲ್ಲುತ್ತಾನೆ. "ಬೇಡ, ನೋವು ಹೋಯ್ತು."

"ನೋಡಿ, ತಂತಿ ಸಿಸ್ಟರ್ ಹೆಸರು ಕೇಳಿದ್ರೇ ರೋಗ ವಾಸಿ," ಎಂದು ಪಕ್ಕದ ಹೆಂಗಸು ಅಣಕಿಸುತ್ತಾಳೆ. ಬೆಂಚಿಗೆ ಬೆಂಚೇ ನಗುತ್ತದೆ. ನಕಿಯೆಟೆ ನಗುವುದಿಲ್ಲ, ಹೋಗಗೊಡುವುದೂ ಇಲ್ಲ. ಆತನ ತೋಳು ಹಿಡಿದು ಒಳಗೆ ಕರೆದೊಯ್ಯುತ್ತಾರೆ.

ಬೆಟ್ಟದ ಮೇಲಿನ ಹಳ್ಳಿಯಿಂದ ಇಳಿದು ಬಂದು ನರ್ಸ್ ಆದವರು ಅವರು. ಇಸಿಜಿ ಯಂತ್ರ ಈ ಆಸ್ಪತ್ರೆಗೆ ದಾನವಾಗಿ ಬಂದು ಬಹಳ ಕಾಲ ಬಟ್ಟೆ ಹೊದ್ದು ಮಲಗಿತ್ತು. ಯುವ ವೈದ್ಯ ಮ್ಗೊಂಜಾ ಬಂದ ಮೇಲೆ ಇಬ್ಬರೂ ಸೇರಿ ಅದನ್ನು ಎಬ್ಬಿಸಿದರು. ಅದರ ಗೆರೆ ಓದುವುದನ್ನು ಮ್ಗೊಂಜಾ ಅವರೇ ನಕಿಯೆಟೆಗೆ ಕಲಿಸಿದರು. ಎದೆನೋವು ಎಂದು ವಾರಕ್ಕೆ ಹತ್ತಾರು ಜನ ಬರುತ್ತಾರೆ. ಹೆಚ್ಚಿನವು ಹೃದಯದ್ದಲ್ಲ. "ಹೃದಯದ್ದು ಇರೋರು ನೋವು ಅನ್ನೋದೇ ಇಲ್ಲ. ಭಾರ ಅಂತಾರೆ, ಉರಿ ಅಂತಾರೆ, ಗ್ಯಾಸು ಅಂತಾರೆ. ಅದಕ್ಕೇ ನಾನು ಬಾಯಿಗಿಂತ ಮುಂಚೆ ಕೈ ನೋಡೋದು. ಬೆರಳಿಟ್ಟು ತೋರಿಸಿದ್ರೆ ಸ್ವಲ್ಪ ಸಮಾಧಾನ. ಮುಷ್ಟಿ ಕಟ್ಟಿ ಎದೆ ಮೇಲಿಟ್ರೆ ನನಗೆ ಹೆದ್ರಿಕೆ," ಎನ್ನುತ್ತಾರೆ.

ಅವರಿಗೆ 'ತಂತಿ ಸಿಸ್ಟರ್' ಎಂಬ ಹೆಸರು ಬಿದ್ದದ್ದು ಎರಡು ವರ್ಷದ ಹಿಂದೆ. ಸಂತೆಯಲ್ಲಿ ಶುಂಠಿ ಮಾರುವ ನಾಯೆತ್ವೆ ಆವತ್ತು ನಡೆದುಕೊಂಡೇ ಬಂದಿದ್ದರು. ಜೊತೆಗೆ ಗಂಡ ಎಲಿಯೂದಿ, ಜೋಳದ ಗಿರಣಿ ನಡೆಸುವವರು.

"ಯಾರೋ ಎದೆ ಮೇಲೆ ಕೂತ ಹಾಗಿದೆ ಸಿಸ್ಟರ್. ದವಡೆ ಸೆಳೀತಿದೆ," ಎಂದರು ನಾಯೆತ್ವೆ.

"ಹೊಟ್ಟೆಹುಣ್ಣು ಅವಳಿಗೆ. ಉಣ್ಣದೆ ಸಂತೆಗೆ ಹೋಗ್ತಾಳೆ, ಹೇಳಿದ್ರೆ ಕೇಳಲ್ಲ. ಮಾತ್ರೆ ಕೊಟ್ಟು ಕಳ್ಸಿ," ಎಂದರು ಗಂಡ.

ಮೊದಲ ಇಸಿಜಿಯಲ್ಲಿ ಏನೂ ಕಾಣಲಿಲ್ಲ. ಬೆವರು ನೋಡಿ ನಕಿಯೆಟೆಗೆ ಮನಸ್ಸೊಪ್ಪಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದರು. ಗೆರೆ ಮೇಲೆದ್ದಿತ್ತು. ಮ್ಗೊಂಜಾ ನೋಡಿದವರೇ ಹೃದಯಾಘಾತ ಎಂದರು. ಆಸ್ಪಿರಿನ್ ಅಗಿಯಲು ಕೊಟ್ಟರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಬೀರುವಿನಲ್ಲಿರಲಿಲ್ಲ, ಎಂದೂ ಇದ್ದಿರಲಿಲ್ಲ. ದೊಡ್ಡಾಸ್ಪತ್ರೆಗೆ ಕಳಿಸೋಣವೆಂದರೆ ಆಂಬುಲೆನ್ಸ್ ಇಲ್ಲ. ಯಾರೋ ಅಧಿಕಾರಿ ಬರುತ್ತಾರೆಂದು ಸಮಾರಂಭಕ್ಕೆ ಕುರ್ಚಿ ತರಲು ಹೋಗಿತ್ತು. ಬಾಡಿಗೆ ಪಿಕಪ್ ಸಿಕ್ಕಿ ಹೊರಡುವಾಗ ಬಿಸಿಲೇರಿತ್ತು. ಊರು ದಾಟುವ ಮೊದಲೇ ನಾಯೆತ್ವೆ ನಕಿಯೆಟೆಯ ತೊಡೆಯ ಮೇಲೆ ಪ್ರಾಣ ಬಿಟ್ಟರು.

"ನಡ್ಕೊಂಡು ಬಂದಿದ್ಲು. ಆ ಹೆಂಗಸು ತಂತಿ ಹಚ್ಚಿದ್ಲು, ಹೆಣ ಕೊಟ್ಲು," ಎಂದು ಎಲಿಯೂದಿ ಸಂತೆಯಲ್ಲೆಲ್ಲ ಹೇಳಿದರು. ಊರು ನಂಬಿತು. ಮೇಲಧಿಕಾರಿಗಳ ವಿಚಾರಣೆಯೂ ನಡೆಯಿತು: ಮನೆಯವರೆದುರು ಹೃದಯಾಘಾತ ಎಂದು ಯಾಕೆ ಬಾಯಿಬಿಟ್ಟಿರಿ ಎಂದು ವೈದ್ಯರನ್ನೂ ನರ್ಸನ್ನೂ ಕೇಳಿದರು. ಕುರ್ಚಿಯ ವಿಷಯ ಯಾರೂ ಕೇಳಲಿಲ್ಲ. "ಕುರ್ಚಿ ಒಂದೂ ಮುರೀಲಿಲ್ಲ, ಎಲ್ಲಾ ಸುಖವಾಗಿ ಬಂದ್ವು," ಎನ್ನುವಾಗ ನಕಿಯೆಟೆಯ ತುಟಿ ಸೊಟ್ಟಗಾಗುತ್ತದೆ. ಆಮೇಲೆ ಜನ ಎದೆನೋವು ಬಂದರೆ ಕಷಾಯ ಕುಡಿದು ಮನೆಯಲ್ಲೇ ಮಲಗತೊಡಗಿದರು. ಕೆಲವರು ಕೊನೇ ಗಳಿಗೆಯಲ್ಲಿ ಬಂದರು. ಕೆಲವರು ಬರಲೇ ಇಲ್ಲ.

ಈ ಚಳಿಗಾಲದಲ್ಲಿ ಗಿರಣಿಯ ಆಳುಗಳು ಎಲಿಯೂದಿಯವರನ್ನೇ ಹೊತ್ತು ತಂದರು. ಮುಖ ಬೂದಿ. ಎದೆಯ ಮೇಲೆ ಮುಷ್ಟಿ.

"ನೀನು ಮುಟ್ಬೇಡ. ತಂತಿ ಬೇಡ ನನಗೆ."

"ಬೈತಾ ಇರಿ ಯಜಮಾನ್ರೇ. ನಾನು ಹಚ್ತಾ ಇರ್ತೀನಿ. ಇದನ್ನ ನುಂಗಬೇಡಿ, ಅಗೀರಿ."

ಬೀರುವಿನಲ್ಲಿ ಆ ಚುಚ್ಚುಮದ್ದು ಆಗಲೂ ಇರಲಿಲ್ಲ. ಆದರೆ ಆವತ್ತು ಯಾರ ಸಮಾರಂಭವೂ ಇರಲಿಲ್ಲ. ಆಂಬುಲೆನ್ಸ್ ಅಂಗಳದಲ್ಲೇ ನಿಂತಿತ್ತು. ನಕಿಯೆಟೆ ಜೊತೆಗೇ ಹತ್ತಿದರು. ಅರ್ಧ ದಾರಿಯಲ್ಲಿ ಎಲಿಯೂದಿ ಕಣ್ಣು ಬಿಟ್ಟರು.

"ಅವತ್ತು ಈ ಗಾಡಿ ಎಲ್ಲಿತ್ತು?"

"ಕುರ್ಚಿ ತರೋಕೆ ಹೋಗಿತ್ತು."

ಅವರು ಮುಖ ಆ ಕಡೆ ತಿರುಗಿಸಿಕೊಂಡರು. ನಕಿಯೆಟೆ ನಾಡಿ ಹಿಡಿದೇ ಕೂತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಚುಚ್ಚುಮದ್ದು ಸಿಕ್ಕಿತು, ಎಲಿಯೂದಿ ಉಳಿದರು.

ಸಂತೆಯಲ್ಲಿ ಆಡಿದ ಮಾತನ್ನು ಅವರು ಇವತ್ತಿಗೂ ವಾಪಸ್ ತೆಗೆದುಕೊಂಡಿಲ್ಲ. ನಕಿಯೆಟೆ ಹಿಟ್ಟಿಗೆ ಹೋದರೆ ತೂಗಿ ಕೊಡುತ್ತಾರೆ, ತಲೆ ಎತ್ತುವುದಿಲ್ಲ. ಬೇಸರವಿಲ್ಲವೇ ಎಂದರೆ ನಕಿಯೆಟೆ ಇಸಿಜಿಯ ತಂತಿಗಳನ್ನು ಒರೆಸಿ ಸುತ್ತಿಡುತ್ತಾರೆ.

"ಇರುತ್ತೆ. ನನಗೆ ಸನ್ಮಾನ ಗಿನ್ಮಾನ ಬೇಡ, ಆ ಬೀರುನಲ್ಲಿ ಔಷಧಿ ಒಂದಿದ್ರೆ ಸಾಕು. ಹೃದಯದ್ದು ಅಂತ ಗೊತ್ತಾಗುತ್ತೆ, ಮದ್ದಿಲ್ದೆ ಗೊತ್ತಾಗಿ ಏನ್ಮಾಡ್ಲಿ? ಎಲಿಯೂದಿ ಮಾತಾಡ್ಸೋದು ಬೇಡ. ಬೆಳಿಗ್ಗೆ ಅವ್ರ ಗಿರಣಿ ಸದ್ದು ನಮ್ಮನೆವರೆಗೂ ಕೇಳುತ್ತೆ. ಅದು ಶುರುವಾದ್ಮೇಲೇ ನಾನು ಡ್ಯೂಟಿಗೆ ಹೊರಡೋದು."