ಕುಣಿಗಲ್ ದಾರಿಯ ವೀರಗಲ್ಲು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನಾವು ವೀರಗಲ್ಲಿಗೆ ಹೋದ ವ್ಯಾನು ಬಿಳಿ ಬಣ್ಣದ್ದೆಂದು ನನ್ನ ನೆನಪು. ಅಪ್ಪ ನೀಲಿ ಎನ್ನುತ್ತಾರೆ. ತೊಂಬತ್ತರ ದಶಕದ ಕೊನೆ ಎಂಬುದರಲ್ಲಿ ಮಾತ್ರ ನಮಗೆ ಜಗಳವಿಲ್ಲ. ಮೊನ್ನೆ ಬಿಸಿಲಿನಲ್ಲಿ ನಿಂತಿದ್ದ ಕಾರಿನ ಬಾಗಿಲು ತೆಗೆದಾಗ ಕಾದ ರೆಕ್ಸಿನ್ನಿನ ವಾಸನೆ ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ದೊಡ್ಡಪ್ಪನ ಧ್ವನಿಯೂ ಬಂತು.

ದೊಡ್ಡಪ್ಪ ಆಗ ಬ್ಯಾಂಕ್ ಮ್ಯಾನೇಜರ್. ವಂಶಕ್ಕೊಬ್ಬ ವೀರ ಬೇಕೆಂದು ಅವರಿಗೆ ಹೇಗೋ ಅನಿಸಿ, ಕುಣಿಗಲ್ ಕಡೆಯ ಹೊಲದ ಬದುವಿನಲ್ಲಿದ್ದ ಒಂದು ವೀರಗಲ್ಲನ್ನು ನಮ್ಮ ಮುತ್ತಾತನೆಂದು ಮಂಜೂರು ಮಾಡಿದ್ದರು. ಅಲ್ಲಿ ಭಾರಿ ಯುದ್ಧ ನಡೆದಿತ್ತಂತೆ. ಅದಕ್ಕೆ ಪೂಜೆ ಮಾಡಲು ತುಮಕೂರಿನಿಂದ ಎಲ್ಲರೂ ಹೊರಟು, ಗುಬ್ಬಿಯಲ್ಲಿ ಅತ್ತೆಯನ್ನು ಹತ್ತಿಸಿಕೊಂಡೆವು. ದೊಡ್ಡಪ್ಪನ ಕಥೆಯಲ್ಲಿ, ಗುಬ್ಬಿ ಬಿಡುವಾಗ ಮುತ್ತಾತ ಹತ್ತು ಜನರನ್ನು ಕೊಂದಿದ್ದ. ಕುಣಿಗಲ್ ಹತ್ತಿರವಾಗುವಷ್ಟರಲ್ಲಿ ನೂರು ದಾಟಿತ್ತು. ರಸ್ತೆ ಇನ್ನಷ್ಟು ಕೆಟ್ಟಿದ್ದರೆ ಶತ್ರುಗಳಲ್ಲಿ ಒಬ್ಬನೂ ಉಳಿಯುತ್ತಿರಲಿಲ್ಲ. ಪೂಜೆಯಾಗುವವರೆಗೆ ಯಾರೂ ಏನೂ ತಿನ್ನಬಾರದೆಂದು ಅಪ್ಪಣೆಯಾಗಿದ್ದರಿಂದ ನಮ್ಮ ಹೊಟ್ಟೆಗಳೂ ಯುದ್ಧ ಹೂಡಿದ್ದವು.

ಅತ್ತೆ ಎಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ. ಹೂವನ್ನು ಅವಳೇ ಕಟ್ಟಿದ್ದಳು. ಅರಿಶಿನ ಕುಂಕುಮದ ಬಟ್ಟಲನ್ನು ದಾರಿಯುದ್ದಕ್ಕೂ ಮಡಿಲಲ್ಲಿ ಹಿಡಿದಿದ್ದಳು.

"ಕಲ್ಲಿಗೆ ನಾನೇ ಹಚ್ತೀನಿ ಕಣೇ. ಮನೇಲಂತೂ ದೇವ್ರ ಹತ್ರಕ್ಕೂ ಬಿಡಲ್ಲ ನನ್ನ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕಲ್ಲಿನಲ್ಲಿ ಮೂರು ಹಂತ. ಕೆಳಗೆ ಕತ್ತಿ ಹಿಡಿದವನು, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. ಇಷ್ಟು ಬೇಗ ಬಡ್ತಿ ಬ್ಯಾಂಕಿನಲ್ಲೂ ಸಿಗುವುದಿಲ್ಲ. ಅವನ ಹೆಂಡತಿ ಮಾತ್ರ ಕಲ್ಲಿನಲ್ಲಿ ಎಲ್ಲೂ ಇರಲಿಲ್ಲ.

ಅಪ್ಪ ಬಗ್ಗಿ ನೋಡಿದರು. "ಅಣ್ಣ, ಯುದ್ಧ ಅಂತೀಯ, ಇಲ್ಲಿ ಹಸು ಅವೆಯಲ್ಲ? ದನ ಕದಿಯೋ ಜಗಳ ಇರ್ಬೇಕು."

"ಕುದುರೆ ಕಣೋ ಅವು. ಸವೆದವೆ."

"ಕೊಂಬು ಸವೆದಿಲ್ವಲ್ಲ."

ಅಷ್ಟರಲ್ಲಿ ಅತ್ತೆ ಬಟ್ಟಲು ಹಿಡಿದು ಮುಂದೆ ಬಂದಳು.

"ನೀನು ಬೇಡಮ್ಮ, ಮುತ್ತೈದೇರು ಹಚ್ಲಿ. ನೀನು ದೂರ ನಿಂತು ಕೈ ಮುಗಿ, ಸಾಕು." ದೊಡ್ಡಪ್ಪ ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದರು. ನೂರು ಜನರನ್ನು ಒಬ್ಬನೇ ಎದುರಿಸಿದ ಮುತ್ತಾತನಿಗೆ ಅತ್ತೆಯ ಒಂದು ಬೆರಳನ್ನು ತಡೆದುಕೊಳ್ಳುವ ಶಕ್ತಿ ಇರಲಿಲ್ಲವೆಂದು ಕಾಣುತ್ತದೆ.

ಅತ್ತೆ ಬಟ್ಟಲನ್ನು ಅಮ್ಮನಿಗೆ ಕೊಟ್ಟಳು. ವ್ಯಾನಿಗೆ ಹೋಗಿ, ನೈವೇದ್ಯದ ಪುಳಿಯೋಗರೆ ಡಬ್ಬಿ ಬಿಚ್ಚಿ ತಿನ್ನತೊಡಗಿದಳು.

"ಇನ್ನೂ ಪೂಜೆ ಆಗಿಲ್ಲ ಕಣೇ" ಎಂದು ದೊಡ್ಡಮ್ಮ ಗಾಬರಿಯಾದರು.

"ನಂಗೆ ಪೂಜೆ ಇಲ್ಲ ಅಂದ್ಮೇಲೆ ಉಪವಾಸಾನೂ ಇಲ್ಲ ಬುಡಿ, ಅತ್ತಿಗೆ. ಉಪ್ಪು ಒಂಚೂರು ಮುಂದಾಗಿದೆ."

ಅವಳು ಅತ್ತಳೇ? ನನ್ನ ಅಂದಿನ ಡೈರಿಯಲ್ಲಿ ಹಾಗೆ ಬರೆದಿಲ್ಲ. ನೆನಪಿನಲ್ಲಿ ಅತ್ತಿದ್ದಾಳೆ, ಅದಕ್ಕೇ ನಾನು ಅದನ್ನು ಪೂರ್ತಿ ನಂಬುವುದಿಲ್ಲ.

ಕಳೆದ ವಾರ ದೊಡ್ಡಪ್ಪ ಮೊಮ್ಮಕ್ಕಳನ್ನು ಕೂರಿಸಿಕೊಂಡು ಮತ್ತೆ ಅದೇ ಕಥೆ ಹೇಳುತ್ತಿದ್ದರು. ಈಗ ಶತ್ರುಗಳ ಕಡೆ ಆನೆಗಳೂ ಸೇರಿವೆ. ಇಷ್ಟು ವರ್ಷ ಒಳಗೊಳಗೇ ನಕ್ಕು ಎದ್ದುಹೋಗುತ್ತಿದ್ದವಳು, ಈ ಸಲ ಕೂತೇ ಒಂದು ಮಾತು ಕೇಳಿದೆ. ಅವರು ಟಿವಿ ಜೋರು ಮಾಡಿದರು. ನಾನು ಕೇಳಿದ್ದು ಇಷ್ಟೇ:

"ಮುತ್ತಾತ ಸತ್ಮೇಲೆ ತಾನೆ ದೊಡ್ಡಪ್ಪ, ಆ ಕಲ್ಲು ನಿಲ್ಸಿದ್ದು? ಅವತ್ತು ಮುತ್ತಜ್ಜೀನೂ ದೂರ ನಿಂತೇ ಕೈ ಮುಗಿದ್ರಾ?"