ಮೂರು ತಿಂಗಳ ದೊರೆಯ ಕೂದಲು

ನಮ್ಮ ಚಿಕ್ಕಮ್ಮನ ಕಸುಬು ವಿಗ್ ಹೆಣೆಯುವುದು. ಆಸ್ಪತ್ರೆಯ ಎದುರು ರಸ್ತೆಯಲ್ಲಿ, ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆ. ಗೋಡೆಯುದ್ದಕ್ಕೂ ಮರದ ತಲೆಗಳು. ಮೇಜಿನ ಮೇಲೆ ಬಲೆಬಟ್ಟೆ, ಕೊಕ್ಕೆಸೂಜಿ, ಕೂದಲ ಕಟ್ಟುಗಳು. ಒಂದೊಂದೇ ಎಳೆಯನ್ನು ಬಲೆಗೆ ಗಂಟು ಹಾಕಬೇಕು. ಒಂದು ವಿಗ್ಗಿಗೆ ತಿಂಗಳು ಹಿಡಿಯುತ್ತದೆ. ಚಿಕಿತ್ಸೆಯಿಂದ ಕೂದಲು ಕಳೆದುಕೊಂಡವರೇ ಅವಳ ಬಳಿ ಹೆಚ್ಚಾಗಿ ಬರುತ್ತಿದ್ದರು.

ಹಾಗೆ ಬಂದ ಇತಿಹಾಸದ ಮೇಷ್ಟ್ರೊಬ್ಬರು ಅಳತೆ ಕೊಡುತ್ತಾ, ರೋಮಿನ ಓಥೋ ಎಂಬ ಚಕ್ರವರ್ತಿಯ ಕಥೆ ಹೇಳಿದರು. ಆಳಿದ್ದು ಬರೀ ಮೂರು ತಿಂಗಳು. ತಲೆಗೂದಲು ಉದುರಿ ವಿಗ್ ಹಾಕುತ್ತಿದ್ದನಂತೆ. ಅವನ ಬೆಳ್ಳಿನಾಣ್ಯದ ಚಿತ್ರವನ್ನು ಪುಸ್ತಕದಲ್ಲಿ ತೋರಿಸಿದಾಗ ಚಿಕ್ಕಮ್ಮ ಭೂತಗನ್ನಡಿ ಹಿಡಿದಳು.

"ಅಂತೆ ಏನು ಬಂತು ಮೇಷ್ಟ್ರೇ, ವಿಗ್ಗೇ ಇದು. ಸಾಲುಸಾಲಾಗಿ ಕೂರಿಸಿದ್ದಾರೆ ನೋಡಿ. ಹುಟ್ಟುಗೂದಲು ಇಷ್ಟು ಹೇಳಿದ ಮಾತು ಕೇಳುತ್ತಾ?"

ಆವತ್ತಿನಿಂದ ಅವಳಿಗೆ ಆ ನಾಣ್ಯದ ಹುಚ್ಚು ಹಿಡಿಯಿತು. ಮೂರು ತಿಂಗಳಲ್ಲಿ ಅಚ್ಚಾದ ನಾಣ್ಯ ಸುಲಭಕ್ಕೆ ಸಿಗುವುದಲ್ಲ, ಸಿಕ್ಕರೂ ದುಬಾರಿ. ಹದಿನೆಂಟು ವರ್ಷದಲ್ಲಿ ಮೂರು ಕೊಂಡಳು. "ನನ್ನ ಬೋಳುತಲೆಯನ್ನ ಒಂದಿನ ಹೀಗೆ ನೋಡಿದವಳಲ್ಲ" ಎಂದು ಗೊಣಗುತ್ತಲೇ, ಬಸ್ ಓಡಿಸುವ ಚಿಕ್ಕಪ್ಪ ಅವುಗಳಿಗೆ ಗಾಜಿನ ಮುಚ್ಚಳದ ಪೆಟ್ಟಿಗೆ ಮಾಡಿಕೊಟ್ಟ. ಕನ್ನಡಿ ನೋಡಲು ಅಂಜುವ ಹೆಂಗಸರ ಅಂಗೈಯಲ್ಲಿ ಚಿಕ್ಕಮ್ಮ ಮೊದಲು ಒಂದು ನಾಣ್ಯ ಇಡುತ್ತಿದ್ದಳು. "ಚಕ್ರವರ್ತಿ ಕಣಮ್ಮಾ. ಇವನಿಗೂ ನನ್ನಂಥೋರೇ ಬೇಕಾದ್ರು." ಅತ್ತು ಕೆಂಪಾದ ಕಣ್ಣುಗಳೂ ಒಂದು ಗಳಿಗೆ ನಗುತ್ತಿದ್ದವು.

ಒಮ್ಮೆ ನಾಣ್ಯಸಂಗ್ರಾಹಕರ ಸಂಘದ ಪ್ರದರ್ಶನಕ್ಕೆ ಮೂರನ್ನೂ ಒಯ್ದಳು. ಪಕ್ಕದ ಮೇಜಿನಲ್ಲಿ ಕೂತಿದ್ದ, ಅಂಚೆ ಕಚೇರಿಯಿಂದ ನಿವೃತ್ತರಾದ ಹಿರಿಯರೊಬ್ಬರ ಬಳಿಯೂ ಒಂದು ಓಥೋ ಇತ್ತು. ಅದನ್ನು ನೋಡುತ್ತ ನೋಡುತ್ತ ಅವಳ ಮುಖ ಸಪ್ಪಗಾಯಿತು. ಕಿವಿಯ ಮೇಲಿನ ಮೂರನೇ ಸುರುಳಿಯಲ್ಲಿ ಎಳೆಯಷ್ಟು ಸಣ್ಣ ಗೀರು. ತಾನು ಮೊದಲು ಕೊಂಡ ನಾಣ್ಯದಲ್ಲೂ ಅದೇ ಜಾಗದಲ್ಲಿ, ಅದೇ ಓರೆಯಲ್ಲಿ ಅದೇ ಗೀರು. ಕೈಯಿಂದ ಕೈಗೆ ಸವೆದ ಎರಡು ನಾಣ್ಯಗಳಿಗೆ ಒಂದೇ ಗಾಯ ಆಗುವುದಿಲ್ಲ. ಯಾರೋ ಒಂದೇ ನಾಣ್ಯದ ಅಚ್ಚು ತೆಗೆದು ಎರಡನ್ನೂ ಎರಕ ಹೊಯ್ದಿದ್ದರು.

ಇಬ್ಬರಿಗೂ ಮಾರಿದ್ದು ಒಬ್ಬನೇ ವ್ಯಾಪಾರಿ. ಸಂಘದ ಅಧ್ಯಕ್ಷನೂ ಅವನೇ. ಚಿಕ್ಕಮ್ಮ ವಿಷಯ ಹೇಳಿದ್ದೇ ಅವಳನ್ನು ಮೂಲೆಗೆ ಕರೆದ.

"ಬಾಯಿ ಬಿಡಬೇಡಿ ಅಕ್ಕಾ. ನಿಮಗೆ ಅಸಲಿ ಕೊಡ್ತೀನಿ."

"ಅವರಿಗೆ?"

"ಅವರಿಗೆ ಗೊತ್ತೇ ಆಗಿಲ್ಲವಲ್ಲ."

ಚಿಕ್ಕಮ್ಮ ನೆಟ್ಟಗೆ ಮೇಜಿಗೆ ಹೋಗಿ ಎರಡೂ ನಾಣ್ಯಗಳನ್ನು ಅಕ್ಕಪಕ್ಕ ಇಟ್ಟು, ಭೂತಗನ್ನಡಿಯನ್ನು ಆ ಹಿರಿಯರ ಕೈಗೆ ಕೊಟ್ಟಳು. "ಅಣ್ಣಾ, ನಾನು ಮೋಸ ಹೋಗಿದ್ದೀನಿ. ನೀವೂ ಹೋಗಿದ್ದೀರಿ ಅನ್ಸುತ್ತೆ. ಒಂದ್ಸಲ ನೋಡಿ."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು ನಿಂತು ಉಳಿದವರನ್ನೂ ಕರೆದರು.

ಆ ವಾರ ಎಲ್ಲರೂ ತಂತಮ್ಮ ಪೆಟ್ಟಿಗೆ ತೆರೆದರು. ಆ ವ್ಯಾಪಾರಿ ಮಾರಿದ್ದರಲ್ಲಿ ಹನ್ನೊಂದು ನಕಲಿ ಸಿಕ್ಕವು. ಅವನು ಹಣ ಹಿಂದಿರುಗಿಸಿ, ಅಧ್ಯಕ್ಷಗಿರಿ ಬಿಟ್ಟು ಹೋದ. ಚಿಕ್ಕಮ್ಮನ ಪೆಟ್ಟಿಗೆಯಲ್ಲಿ ಈಗ ಎರಡೇ ನಾಣ್ಯ.

ಸಂಘದವರು ಹೊಸ ನಾಣ್ಯ ಕೊಳ್ಳುವ ಮುಂಚೆ ಆ ಕೋಣೆಯ ಮೆಟ್ಟಿಲು ಹತ್ತುತ್ತಾರೆ. ಅವಳು ಸೂಜಿ ಕೆಳಗಿಟ್ಟು, ನಾಣ್ಯವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ.

"ಸುತ್ತಲಿನ ಅಕ್ಷರ ನೀವು ಓದ್ಕೊಳ್ಳಿ" ಎನ್ನುತ್ತಾಳೆ. "ತಲೆ ಮಾತ್ರ ನನ್ನ ಜವಾಬ್ದಾರಿ."